ಎರಡನೆಯ ಬೆಸುಗೆ

ಮೈಸೂರಿನ ಸೆಷನ್ಸ್ ಕೋರ್ಟಿನಿಂದ ಅಸೆಸರ್ ಆಗಿ ಬರಬೇಕೆಂದು ಸಮನ್ಸು ಬಂದಾಗ ಹುಣಸೂರಿನ ಜಬ್ಬಾರ್ ಸಾಹೇಬರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ಜಡ್ಜಿಗೆ ಅಭಿಪ್ರಾಯ ಹೇಳುವ ಮೂವರು ದೊಡ್ಡ ಮನುಷ್ಯರಲ್ಲಿ, ಗಾಡಿ ಚಕ್ರ ಮಾಡುವ ತಾವೂ ಒಬ್ಬರು! ಮದುವೆಯ ಶೇರ್ವಾನಿ ಹೊಟ್ಟೆಯ ಹತ್ತಿರ ಬಿಗಿಯಾಗಿತ್ತು. ಆದರೂ ಅದನ್ನೇ ತೊಟ್ಟು ಹೋದರು.

ಕಟಕಟೆಯಲ್ಲಿದ್ದವನು ರಾವಂದೂರಿನ ಗಾಡಿಯಾಳು ದೇವಯ್ಯ. ಪಿರಿಯಾಪಟ್ಟಣದ ದಾರಿಯಲ್ಲಿ ಹೊಗೆಸೊಪ್ಪಿನ ವ್ಯಾಪಾರಿಯೊಬ್ಬನನ್ನು ಕೊಂದನೆಂದು ಆಪಾದನೆ. ಕಣ್ಣಾರೆ ಕಂಡವರಿಲ್ಲ. ಹೆಣದ ಪಕ್ಕದ ಕೆಸರಿನಲ್ಲಿ ಚಕ್ರದ ಗುರುತಿತ್ತು, ಚಕ್ರದ ಪ್ರತಿ ಸುತ್ತಿಗೂ ಒಂದು ಸಲ ಅದರಲ್ಲೊಂದು ಗಂಟಿನ ಅಚ್ಚು. ದೇವಯ್ಯನ ಚಕ್ರದ ಕಬ್ಬಿಣದ ಪಟ್ಟಿಯಲ್ಲೂ ಅಂಥದೇ ಗಂಟಿತ್ತು.

"ಸಂತೇಲಿ ಕೊಂಡ ಅಳೇ ಗಾಡಿ ಬುದ್ದಿ. ಅವತ್ತು ನಾನು ಆ ಕಡೆ ಓಗೇ ಇಲ್ಲ" ಎಂದು ದೇವಯ್ಯ ಕೈಮುಗಿದ.

ಚಕ್ರವನ್ನು ಕೋರ್ಟಿನೊಳಗೆ ಉರುಳಿಸಿ ತಂದರು. "ಈ ಗಂಟು ಕೆಲಸ ಬಾರದ ಯಾವನೋ ಹಾಕಿದ ಬೆಸುಗೆ ಸ್ವಾಮಿ. ಇಂಥ ದರಿದ್ರ ಕೆಲಸ ಈ ಸೀಮೆಯಲ್ಲಿ ಎರಡನೆಯದು ಇರಲಾರದು" ಎಂದರು ಇನ್‌ಸ್ಪೆಕ್ಟರು. ಎಲ್ಲರೂ ನಕ್ಕರು.

ಜಬ್ಬಾರ್ ಸಾಹೇಬರು ಮುಂದೆ ಬಾಗಿ ಗಂಟನ್ನು ನೋಡಿದರು. ಬೆಸುಗೆ ಅವರದೇ! ನಾಲ್ಕು ವರ್ಷದ ಕೆಳಗೆ, ಇದ್ದಲು ಒದ್ದೆಯಾಗಿದ್ದ ದಿನ, ಜ್ವರದಲ್ಲೇ ಕುಲುಮೆಗೆ ಕೂತು ಎರಡು ಪಟ್ಟಿ ಕೆಡಿಸಿದ್ದರು. ಎರಡರಲ್ಲೂ ಒಂದೇ ಬಗೆಯ ಗಂಟು. ಒಂದು ಇದು. ಇನ್ನೊಂದು ಹೆಗ್ಗಡದೇವನಕೋಟೆಯ ಕಡೆಯ ಯಾರದೋ ಗಾಡಿಯಲ್ಲಿ ಇಂದಿಗೂ ಉರುಳುತ್ತಿತ್ತು. ಜಬ್ಬಾರರ ಬೆಸುಗೆ ಸವರಿದ ಬೆರಳಿಗೂ ಸಿಗದಷ್ಟು ನಯವೆಂದು ಮೂರು ತಾಲ್ಲೂಕಿನವರು ಹೊಗಳುತ್ತಿದ್ದುದರಿಂದ ಅವರು ಈ ಸಂಗತಿಯನ್ನು ಹೆಂಡತಿಗೂ ಹೇಳಿರಲಿಲ್ಲ.

ದೇವಯ್ಯನ ವಕೀಲರು 'ರೀಸನಬಲ್ ಡೌಟ್' ಎಂದು ಹತ್ತು ಸಲ ಕೂಗಿ ಕೂತರು. ಜಡ್ಜಿಯವರು ಅಸೆಸರುಗಳಿಗೆ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರು. "ಸುಮ್ಮನೆ ಮನಸ್ಸಿಗೆ ಹೊಳೆದ ಶಂಕೆಯಲ್ಲ, ಕಾರಣವಿರುವ ಅನುಮಾನ. ಇವನು ಕೊಂದಿಲ್ಲವೆಂದು ನೀವು ಸಾಧಿಸಬೇಕಾಗಿಲ್ಲ. ಅಂಥ ಅನುಮಾನ ಒಂದಿದ್ದರೆ ಸಾಕು, ಅದರ ಲಾಭ ಇವನಿಗೆ ಸಿಗಬೇಕು."

ಅದಕ್ಕಿಂತ ಸ್ಪಷ್ಟವಾಗಿ ಇನ್ನಾರು ಹೇಳಬೇಕು? ಕಾರಣ ಜಬ್ಬಾರರ ಕೈಯಲ್ಲೇ ಇತ್ತು. ಆದರೆ ಅದನ್ನು ಹೇಳಬೇಕಾದರೆ, ಆ ಕೆಲಸ ಬಾರದವನು ನಾನೇ ಎಂದು ನಗುವ ಜನರೆದುರು ಎದ್ದು ನಿಲ್ಲಬೇಕಿತ್ತು. ಮೊದಲಿಬ್ಬರು ಅಸೆಸರುಗಳು ಅನುಮಾನವಿಲ್ಲ ಎಂದರು. ಜಡ್ಜಿ ಇವರತ್ತ ತಿರುಗಿದರು.

"ಅನುಮಾನ ಇಲ್ಲ ಹುಜೂರ್" ಎಂದುಬಿಟ್ಟರು ಜಬ್ಬಾರ್ ಸಾಹೇಬರು. ಒಂದು ಜೀವಕ್ಕಿಂತ ದೊಡ್ಡದಾದ ಅದೆಂಥ ಮಾನವೋ!

ದೇವಯ್ಯನಿಗೆ ಗಲ್ಲು ಎಂದಾಯಿತು. ಮೇಲಿನ ಕೋರ್ಟಿನವರು ಬಿಟ್ಟಾರು ಎಂದು ಜಬ್ಬಾರ್ ಕಾದರು. ಬಿಡಲಿಲ್ಲ. ಗಲ್ಲಾದ ಸುದ್ದಿ ಬಂದ ಮೇಲೆ ಅವರಿಗೆ ಅನ್ನ ಸೇರಲಿಲ್ಲ. ಎಂಟನೆಯ ದಿನ ರಾವಂದೂರಿಗೆ ಹೋದರು.

ದೇವಯ್ಯನ ಹೆಂಡತಿ ಕೆಂಪಾಜಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ನೋಡಿದೊಡನೆ ಗುರುತು ಹಿಡಿದಳು.

"ಕೋರ್ಟಲ್ಲಿ ಕೂತಿದ್ದೋರಲ್ವಾ? ನಿಮ್ಮ ಮೇಲೆ ನಂಗೇನೂ ಸಿಟ್ಟಿಲ್ಲ ಬುಡಿ. ನಮ್ಮೆಜಮಾನ್ರು ಜೈಲಲ್ಲಿ ಕಂಬಿ ಇಡ್ಕಂಡು, 'ನಾನು ಮಾಡಿಲ್ಲ ಕಣಮ್ಮಿ' ಅಂತ ಅತ್ರು. ಮೂರು ಜನ ದೊಡ್ಡೋರು ಅನುಮಾನವೇ ಇಲ್ಲ ಅಂದವ್ರೆ, ನಂತಾವೂ ಸುಳ್ಳು ಏಳ್ತೀರಾ ಅಂತ ಮೊಕ ತಿರುಗಿಸ್ಕಂಡು ಬಂದೆ. ಆಮೇಲೆ ಓಗ್ನೇ ಇಲ್ಲ."

ಜಬ್ಬಾರ್ ಅಂಗಳದಲ್ಲೇ ಕೂತರು. ಒದ್ದೆ ಇದ್ದಲು, ಜ್ವರ, ಎರಡು ಪಟ್ಟಿ, ಎಲ್ಲವನ್ನೂ ಹೇಳಿದರು. ಕೆಂಪಾಜಮ್ಮ ಮೊರ ಕೆಳಗಿಟ್ಟಳು.

"ಅಂಗಾರೆ ಅವ್ರು ದಿಟವೇ ಏಳಿದ್ರಾ?"

"ಗೊತ್ತಿಲ್ಲ ತಾಯಿ. ದಿಟ ಇದ್ದರೂ ಇರಬಹುದು. ಅಷ್ಟೇ ನಾನು ಹೇಳಬಲ್ಲೆ."

ಅವಳು ಬಯ್ಯಲಿಲ್ಲ. ಬೈದಿದ್ದರೆ ಅವರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಅಷ್ಟೇ ಸಾಕಾಗಿತ್ತು ಕಣಪ್ಪ" ಎಂದಳು. "ಇದ್ದರೂ ಇರಬಹುದು ಅನ್ನೋ ಅಷ್ಟು ಅನುಮಾನ ನಂಗಿದ್ದಿದ್ರೆ, ಕೊನೇ ಸಲ ಓಗಿ ಅವ್ರ ಮೊಕ ನೋಡ್ತಿದ್ದೆ."