ಸೊಸೆಯ ಮೊದಲ ಸವಾಲು

ಪಾಲಿಶ್ ವಾಸನೆ, ಕಪ್ಪು ಪಾಲಿಶ್, ಇಷ್ಟು ಹಿಂದೆ ಕೂತರೂ ಮೂಗಿಗೆ ಬಡಿಯುತ್ತಿದೆ, ಸವೆದ ಟೈರುಗಳಿಗೆಲ್ಲ ಬಳಿದು ಮಿರಮಿರ ಮಿಂಚಿಸಿ ಗೋಡೆಗೆ ಒರಗಿಸಿದ್ದಾರೆ ಪುಣ್ಯಾತ್ಮರು, ಮುದುಕ ಮೀಸೆಗೆ ಬಣ್ಣ ಹಚ್ಚಿಕೊಂಡ ಹಾಗೆ, ಒದ್ದೆ ಬಟ್ಟೆಯಲ್ಲಿ ಒಂದು ಸಲ ಒರೆಸಿದರೆ ಬಿರುಕೆಲ್ಲ ಹೊರಗೆ — ಒರೆಸಿದಳು, ಅಗೋ, ಸೊಸೆ ಒರೆಸಿಯೇ ಬಿಟ್ಟಳು, ಯಾರ ಅಪ್ಪಣೆಗೂ ಕಾಯದೆ ಚೀಲದಿಂದ ಬಟ್ಟೆ ತೆಗೆದು, ಟ್ರ್ಯಾಕ್ಟರಿನ ಹಿಂದಿನ ಚಕ್ರದ ಆ ಜೋಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾಳೆ, ಕನ್ನಡಕವಿಲ್ಲದೆ ಮಸುಕಾಗಿ ಕಂಡರೂ ಗೊತ್ತು, ಈಗ ಉಗುರು ಒತ್ತುತ್ತಾಳೆ, ಒತ್ತಿದಳು, ಈಗ ಒಳಗೆ ಕೈ ಹಾಕಿ ಸುತ್ತ ಸವರುತ್ತಾಳೆ, ಸವರು ತಾಯಿ, ನಿಧಾನವಾಗಿ ಸವರು, ಒಳಗಿನ ತೇಪೆ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಕಾಣುತ್ತದೆ, ಹಿಂದೆ ಕೂತ ಅತ್ತೆ ಟೈರಮ್ಮನಿಗೆ ತನ್ನ ಬೆರಳ ತುದಿಗಳೇ ಜುಮ್ಮೆಂದವು, ಹರಾಜಿನ ಅಂಗಳದ ಈ ತಗಡಿನ ಮಾಡಿನ ಕೆಳಗೆ ಎಷ್ಟು ವರ್ಷ ತಾನೇ ಹಾಗೆ ಕೂತು ಎದ್ದಿಲ್ಲ, ಈಗ ಕೂತರೆ ಏಳಿಸಲು ಕ್ರೇನು ಬೇಕು, ಮಂಡಿ ಕೈ ಕೊಟ್ಟ ಮೇಲೆ ಈ ಪ್ಲಾಸ್ಟಿಕ್ ಕುರ್ಚಿಯೇ ಗತಿ. ಇವತ್ತು ಸವಾಲು ಕೂಗುವವಳು ಸೊಸೆ. ಬೆಳಿಗ್ಗೆ ಲಾರಿ ಹತ್ತುವಾಗಲೇ ಹೇಳಿಯಾಗಿದೆ, ನಾನು ಬರ್ತೀನಿ ಆದ್ರೆ ಬಾಯಿ ಬಿಡಲ್ಲ, ಗೆದ್ರೂ ನಿಂದೇ ಸೋತ್ರೂ ನಿಂದೇ. ಅದಕ್ಕೆ ಅವಳು, ಆಯ್ತು ಅತ್ತೆ, ಅಂತ ಅಷ್ಟೇ ಅಂದು ತಲೆಗೆ ಬಟ್ಟೆ ಕಟ್ಟಿಕೊಂಡಳು, ಭಯ ಇತ್ತೋ ಇಲ್ಲವೋ ಮುಖದಲ್ಲಿ ಒಂದು ಕಾಳಿನಷ್ಟೂ ಬಿಟ್ಟುಕೊಡಲಿಲ್ಲ.

ದರ್ಜಿ ಕೆಲಸದವಳು ಇವಳು, ಮದುವೆಯಾಗಿ ಬಂದಾಗ ಜೊತೆಗೆ ಒಂದು ಹೊಲಿಗೆ ಮಷಿನ್ನು ತಂದಿದ್ದಳು, ಹಳೇ ಟೈರು ಕೊಂಡು ಮಾರುವ ಶೆಡ್ಡಿಗೆ ಹೊಲಿಗೆ ಮಷಿನ್ನು, ಎಲ್ಲಿಂದೆಲ್ಲಿಯ ನಂಟು ಅಂತ ಆಗ ಒಳಗೊಳಗೇ ನಕ್ಕಿದ್ದುಂಟು, ಆಮೇಲೆ ಒಂದು ದಿನ ಯಾವುದೋ ಟೈರಿನೊಳಗೆ ಕೈ ಹಾಕಿ, ಅತ್ತೆ, ಇಲ್ಲೊಂದು ಹೊಲಿಗೆ ಕೂಡಿಲ್ಲ ನೋಡಿ, ಅಂದಳಲ್ಲ, ತೆಗೆದು ಬೆಳಕಿಗೆ ಹಿಡಿದರೆ ಒಳಪದರ ಬಿಟ್ಟುಕೊಂಡಿತ್ತು, ಟೈರಮ್ಮನ ಕೈಯೇ ಎರಡು ಸಲ ಅದರ ಮೇಲೆ ಹಾದುಹೋಗಿ ತಪ್ಪಿಸಿಕೊಂಡಿತ್ತು, ಆವತ್ತೇ ಅಂದುಕೊಂಡಿದ್ದು, ನನ್ನ ನಂತರ ಇವಳೇ, ಇನ್ನು ಬೇರೆಯವರನ್ನು ಹುಡುಕುವುದು ಬೇಡ ಅಂತ. ಹುಡುಕುವುದಾದರೂ ಎಲ್ಲಿ, ಮನೆಯ ಗಂಡಸರಿಬ್ಬರೂ ದೇವರಂಥವರು, ದೇವರಂಥವರನ್ನು ಹರಾಜಿಗೆ ಕಳಿಸಿದರೆ ಮನೆ ಹರಾಜಿಗೆ ಬರುತ್ತದೆ, ಯಜಮಾನರು ಒಂದೇ ಒಂದು ಸಲ ಹರಾಜಿಗೆ ಹೋಗಿ ಕಾಳು ಬಡಿಯುವ ಡ್ರಮ್ಮೇ ಇಲ್ಲದ ಒಕ್ಕಣೆ ಯಂತ್ರ ಹಿಡಿದುಕೊಂಡು ಬಂದಿದ್ದರು, ಯಾಕ್ರೀ ಅಂದರೆ, ಪಾಪ, ಮಾರೋನು ಕಣ್ಣಲ್ಲಿ ನೀರು ಹಾಕ್ಕೊಂಡ ಕಣೇ, ಮಗನೂ ಅದೇ ಅಚ್ಚು, ಲಾರಿ ಓಡಿಸು ಅಂದರೆ ಹೂವಿನ ಹಾಗೆ ಓಡಿಸುತ್ತಾನೆ, ಬೇಡ ಅಂತ ಒಂದು ಮಾತು ಅನ್ನು ಅಂದರೆ ಜೇಬಿಗೆ ಕೈ ಹಾಕಿ ದುಡ್ಡು ಎಣಿಸುತ್ತಾನೆ. ಇವಳೂ ಹಾಗೇ ಆದರೆ ಶೆಡ್ಡು ಮುಚ್ಚಿ ಕೆಮ್ಮಣ್ಣನಿಗೆ ಕೊಡುವುದೊಂದೇ ದಾರಿ, ಅಗೋ ಮುಂದಿನ ಸಾಲಿನಲ್ಲೇ ಕೂತಿದ್ದಾನೆ ಭೂಪ, ಕೆಮ್ಮಿ ಸವಾಲು ಹಾಕುತ್ತಾನೆ ಅಂತ ಕೆಮ್ಮಣ್ಣ, ಒಂದು ಚಳಿಗಾಲ ನಿಜವಾಗಿ ನೆಗಡಿಯಾಗಿ ಬೇಡದ ನೇಗಿಲುಗಳನ್ನು ಕೊಂಡುಕೊಂಡವನು, ಹೋದ ವಾರ ಬಂದು ಶೆಡ್ಡಿನ ಬಾಗಿಲಲ್ಲಿ ನಿಂತು, ಅಕ್ಕಾ, ನಿಮ್ಮ ಸೊಸೆ ಕೂಗ್ತಾಳಂತೆ, ಕೂಗ್ಲಿ, ಬಿಸಿ ರಕ್ತ, ಒಂದ್ಸಲ ರೇಟು ಮೀರಿದ್ಲು ಅಂತಿಟ್ಕೊಳ್ಳಿ, ಆಮೇಲೆ ಪ್ರತಿ ಹರಾಜಲ್ಲೂ ಎಲ್ಲರೂ ಸೇರಿ ಅವಳನ್ನ ಮೇಲಕ್ಕೆ ಹತ್ತಿಸ್ತಾರೆ, ಅದಕ್ಕಿಂತ ಮುಂಚೆ ನಂಗೇ ಕೊಟ್ಬಿಡಿ. ಮಾತು ಕಹಿ, ಆದರೆ ಸುಳ್ಳಲ್ಲ. ಅದಕ್ಕೇ ಬೆಲೆಯನ್ನು ಮನೆಯಲ್ಲೇ ಕಟ್ಟಬೇಕು, ಸಾಮಾನಿನ ಮುಂದೆ ಕಟ್ಟಬಾರದು, ಈ ಟೈರಿನ ಜೋಡಿಗೆ ಅತ್ತೆ ಸೊಸೆ ಇಬ್ಬರೂ ಕೂತು ಇಪ್ಪತ್ತೆರಡು ಸಾವಿರ ಅಂತ ಕಟ್ಟಿಯಾಗಿದೆ, ಅದರ ಮೇಲೆ ಹೋದರೆ ನಮಗೆ ಉಳಿಯುವುದು ಬರೀ ರಬ್ಬರಿನ ವಾಸನೆ.

ಹಿಂದಿನ ಚಕ್ರದ ಜೋಡಿ, ಹದಿನೈದಕ್ಕೆ ಶುರು, ಅಂತ ಹರಾಜಿನವನು ಮೇಜಿನ ಮೇಲೆ ಸುತ್ತಿಗೆ ತಟ್ಟಿದ, ಟೈರಮ್ಮ ಮಡಿಲಲ್ಲಿದ್ದ ಕನ್ನಡಕದ ಗೂಡು ತೆರೆದು ಕನ್ನಡಕ ಮೂಗಿಗೇರಿಸಿಕೊಂಡಳು, ಇವತ್ತು ಬಿಟ್ಟರೆ ಇನ್ನು ಯಾವತ್ತು ನೋಡುವುದು, ಸೊಸೆಯ ಕೈ ಸ್ಪಷ್ಟ ಕಾಣಬೇಕು, ಕಂಡಿತು, ಹದಿನಾರಕ್ಕೆ ಎತ್ತಿದಳು, ನೆಟ್ಟಗೆ, ತೋಳು ಮಡಿಸದೆ, ಕದ್ದುಮುಚ್ಚಿ ಇಲ್ಲ, ನೀನೂ ಒಂದು ಸನ್ನೆ ಗೊತ್ತು ಮಾಡ್ಕೊಳೇ, ನಾನು ಕೂಗಿದ್ದು ಗೊತ್ತಾದ್ರೆ ಮಾಲು ಚೆನ್ನಾಗಿದೆ ಅಂತ ನಾಲ್ಕು ಜನ ಮೇಲೆ ಬೀಳ್ತಾರೆ ಅಂತ ಮನೆಯಲ್ಲೇ ಹೇಳಿದರೆ, ಬೀಳ್ಲಿ ಬಿಡಿ ಅತ್ತೆ, ದೇವರು ಕೈ ಕೊಟ್ಟಿದ್ದಾನಲ್ಲ ಎತ್ತೋಕೆ, ಅಂದಿದ್ದಳು, ಕೇಳುತ್ತಾಳೆಯೇ. ಹದಿನೇಳು ಯಾರೋ ಅಂದರು, ಹದಿನೆಂಟು ಕೆಮ್ಮು, ಹತ್ತೊಂಬತ್ತು ಸೊಸೆ, ಭಲೆ, ಕೆಮ್ಮಣ್ಣ ತಲೆ ಕೆರೆದುಕೊಂಡು ಟೈರನ್ನೇ ನೋಡುತ್ತಿದ್ದಾನೆ, ಅಕ್ಕಪಕ್ಕದ ಕುರ್ಚಿಗಳೆಲ್ಲ ಕತ್ತು ಉದ್ದ ಮಾಡಿವೆ, ಟೈರಮ್ಮನ ಸೊಸೆಯಂತೆ, ಹೌದಾ, ಹೌದು ಮಾರಾಯ ನನ್ನ ಸೊಸೆಯೇ, ಎದೆ ತುಂಬಿ ಬರುತ್ತಿದೆ, ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ಸೊಸೆಯ ಕಾಲವನ್ನು ಕೂತು ನೋಡುವುದು ಇಷ್ಟು ಸುಖ ಅಂತ ಯಾರೂ ಹೇಳಿರಲಿಲ್ಲ — ಇಪ್ಪತ್ತು, ಅಂದ ಹರಾಜಿನವನು ಈ ಕಡೆ ಗಡ್ಡ ಎತ್ತಿ, ಯಾರದು ಇಪ್ಪತ್ತು, ಕೆಮ್ಮು ಕೇಳಿಸಲಿಲ್ಲ, ಕಳ್ಳ, ಕೆಮ್ಮದೆಯೂ ಕೂಗಲು ಕಲಿತನೇ, ಸೊಸೆ ಇಪ್ಪತ್ತೊಂದಕ್ಕೆ ಎತ್ತಿದಳು, ಅಲ್ಲ, ತಡಿ, ಅವಸರ, ಇಲ್ಲ ಅವಸರ ಅಲ್ಲ, ಸರಿಯಾಗಿಯೇ ಇದೆ, ಹರಾಜಿನವನು ಮತ್ತೆ ಈ ಕಡೆಯೇ ನೋಡಿ, ಇಪ್ಪತ್ತೊಂದೂವರೆ ಅಂದ, ಯಾರವನು ನನ್ನ ಬೆನ್ನ ಹಿಂದೆ, ತಿರುಗಿದರೆ ಹಿಂದೆ ಗೋಡೆ, ಗೋಡೆಗೆ ಒರಗಿಸಿದ ತುಕ್ಕು ಹಿಡಿದ ಟ್ರೇಲರಿನ ಬಾಗಿಲು, ಮನುಷ್ಯರು ಯಾರೂ ಇಲ್ಲ, ಯಾವನಾದರೂ ಇರಲಿ, ಸೊಸೆಯ ಕೈ ಮೇಲೆ ಹೋಯಿತು, ಇಪ್ಪತ್ತೆರಡು, ಅಲ್ಲಿಗೆ ನಮ್ಮ ಬೆಲೆ ಮುಗಿಯಿತು, ಸಾಕು, ಕೊಡು ಮಾರಾಯ, ಸುತ್ತಿಗೆ ತಟ್ಟು — ಇಪ್ಪತ್ತಮೂರು. ಛೆ. ಒಂದು ಸಾವಿರ, ಒಂದೇ ಒಂದು ಸಾವಿರಕ್ಕೆ ಇಷ್ಟು ಜನರ ಮುಂದೆ ಬಿಟ್ಟುಕೊಡುವುದೇ, ಎತ್ತು, ಮೊದಲ ಸವಾಲು ಇದು, ಎತ್ತೇ, ನಷ್ಟವಾದರೆ ನಾನಿದ್ದೇನೆ, ಕೈಬಳೆ ಇದೆ, ಎತ್ತು ಅಂತ ಮನಸ್ಸು ಒಂದೇ ಸಮ ಕೂಗುತ್ತಿದೆ, ಸೊಸೆಯ ಕೈ ಇನ್ನೂ ಮೇಲೆಯೇ ಇತ್ತು, ಬೆರಳು ಬಿಡಿಸಿಕೊಂಡು, ಎಲ್ಲರೂ ಆ ಕೈಯನ್ನೇ ನೋಡುತ್ತಿದ್ದರು, ಆಮೇಲೆ ಅದು ಇಳಿಯಿತು. ಒಂದು ಸಲ, ಎರಡು ಸಲ, ಬಿಟ್ಟುಬಿಟ್ಟಳಲ್ಲ, ನಾನಾಗಿದ್ದರೆ, ಮೂರು ಸಲ, ಸುತ್ತಿಗೆ ಬಿತ್ತು.

ಟೈರಮ್ಮನವರಿಗೆ, ಅಂದ ಹರಾಜಿನವನು. ಯಾರಿಗೆ? ನಿಮಗೇ ಅಮ್ಮ, ಇನ್ಯಾರಿಗೆ, ಕನ್ನಡಕ ಮೂಗಿನ ಮೇಲಿದ್ರೆ ಕೂಗ್ತಾ ಇದೀನಿ ಅಂತ, ಗೂಡಿಗೆ ಹೋದ್ರೆ ಬಿಟ್ಟೆ ಅಂತ, ನೀವೇ ಅಲ್ವಾ ಹೇಳ್ಕೊಟ್ಟಿದ್ದು, ನನ್ನ ತಂದೆ ಕಾಲದಿಂದ್ಲೂ ಹಾಗೇ ನಡ್ಕೊಂಡು ಬಂದಿದೆ. ಕೈ ಮೂಗಿಗೆ ಹೋಯಿತು, ಇತ್ತು, ಕನ್ನಡಕ ಅಲ್ಲಿಯೇ ಇತ್ತು, ಅಯ್ಯೋ ನನ್ನ ಬುದ್ಧಿಗಿಷ್ಟು, ಸೊಸೆಯನ್ನು ಕಣ್ತುಂಬ ನೋಡಲಿಕ್ಕೆ ಅಂತ ಹಾಕಿಕೊಂಡು ಅವಳ ಮೇಲೆಯೇ ಕೂಗಿದ್ದೇನೆ, ಒಂದೇ ಮನೆಯ ಎರಡು ಕೈ, ಒಂದೇ ಗಲ್ಲಾಪೆಟ್ಟಿಗೆ, ಇಡೀ ಅಂಗಳ ಗೊಳ್ಳೆಂದಿತು, ನಗಲಿ, ನಗುವ ವಿಷಯವೇ, ಸೊಸೆ ಜನರನ್ನು ಸರಿಸಿಕೊಂಡು ಬಂದವಳು ಒಂದು ಗಳಿಗೆ ಮುಖ ನೋಡಿದಳು, ನಕ್ಕಳು, ಅತ್ತೆ, ಕಟ್ಟಿದ್ದಕ್ಕಿಂತ ಒಂದು ಸಾವಿರ ಜಾಸ್ತಿ ಕೊಟ್ರಿ. ಹೌದು ಕಣೇ ಕೊಟ್ಟೆ, ನಾನು ಅಂತ ಗೊತ್ತಿತ್ತಾ ನಿಂಗೆ? ಇಲ್ಲ, ನಾನು ಆ ಕಡೆ ತಿರುಗಿ ನೋಡ್ಲೇ ಇಲ್ಲ. ಮತ್ತೆ ಯಾಕೆ ಬಿಟ್ಟೆ, ಅಷ್ಟು ಜನ ನೋಡ್ತಿದ್ರಲ್ಲ? ಬೆಲೆ ಮುಗೀತಲ್ಲ ಅತ್ತೆ, ಅಂದಳು, ಅಷ್ಟೇ, ಬಟ್ಟೆ ಸಾಲದಿದ್ದರೆ ತೋಳು ಗಿಡ್ಡ ಇಡ್ತೀನಿ ಅಂತ ಗಿರಾಕಿಗೆ ಹೇಳಿದ ಹಾಗೆ. ಕೆಮ್ಮಣ್ಣ ಕುರ್ಚಿ ತಿರುಗಿಸಿಕೊಂಡು ಕೂತ, ಅಕ್ಕಾ, ಶೆಡ್ಡಿನ ಮಾತು ನಾನಿನ್ನು ಎತ್ತಲ್ಲ, ಆ ಹುಡುಗಿ ನಿಲ್ಲಿಸಿದ್ದು ನೋಡಿದ್ನಲ್ಲ, ನಂಗೆ ಇವತ್ತಿಗೂ ಅದು ಬರಲ್ಲ, ಕೆಮ್ಮು ಬಂದ್ಬಿಡತ್ತೆ, ಅಂತ ಎದ್ದು ಹೋದ. ಸೊಸೆ ಬಗ್ಗಿ ತಾನೇ ಅತ್ತೆಯ ಕನ್ನಡಕ ತೆಗೆದು ಗೂಡಿಗೆ ಹಾಕಿದಳು, ಕೊಡಿ ಇಲ್ಲಿ, ಮುಂದಿನದು ಕಲ್ಟಿವೇಟರು, ಅದನ್ನೂ ನೀವೇ ತಗೊಂಡ್ಬಿಟ್ರೆ ಕಷ್ಟ, ಅಂದು ಮುಂದೆ ಹೋಗಿ ನಿಂತಳು, ಈಗ ಮತ್ತೆ ದೂರದ್ದೆಲ್ಲ ಮಂಜು, ಯಾರು ಯಾರೋ, ಎಷ್ಟು ಎಷ್ಟೋ, ಕೂಗುತ್ತಿದ್ದಾರೆ, ಕೂಗಲಿ, ಟೈರಮ್ಮನಿಗೆ ಲೆಕ್ಕ ಬೇಕಿಲ್ಲ, ಮನಸ್ಸು ಹೋಗಿ ಹೋಗಿ ಅಲ್ಲೇ ನಿಲ್ಲುತ್ತಿದೆ, ಇಷ್ಟು ವರ್ಷ ಹರಾಜು ನೋಡಿದ ಕಣ್ಣು ಎತ್ತಿದ ಕೈಗಳನ್ನೇ ನೋಡಿತ್ತು, ತನ್ನದೂ ಸೇರಿ, ನಾನು ಎತ್ತು ಎತ್ತು ಅನ್ನುತ್ತಿದ್ದಾಗ ಅವಳು — ಎಷ್ಟು ನಿಧಾನ, ಯಾರ ಮೇಲೂ ಸಿಟ್ಟಿಲ್ಲದೆ, ಯಾರ ಮುಖವನ್ನೂ ನೋಡದೆ, ಅಷ್ಟು ಜನರ ನಡುವೆ ಮೇಲಿದ್ದ ಕೈ, ಬೆರಳು ಬಿಡಿಸಿದ ಕೈ, ಇಳಿಯಿತು, ಇಳಿದು ಪಕ್ಕದಲ್ಲಿ ಸುಮ್ಮನೆ ನಿಂತಿತು, ಆ ಕೈ, ನನ್ನ ಸೊಸೆಯ ಕೈ, ಇಳಿದ ಕೈ —