ಹಸಿರು ಗೆರೆ

ಅಕ್ಕನ ಎಡಗೈಯ ಉಂಗುರದ ಬೆರಳು, ಕಿರುಬೆರಳು ಎರಡೂ ಹೇಳಿದ ಮಾತು ಕೇಳುತ್ತಿದ್ದುದು ಬೆಳಗಿನ ಮಾತ್ರೆ ನುಂಗಿದ ಮೇಲೆ ಅರ್ಧ ಗಂಟೆ ಮಾತ್ರ. ನರ ಸೋಲುತ್ತಿದೆ, ಈ ತಿಂಗಳು ದಾಟಿದರೆ ಗಿಟಾರಿನ ಆಸೆ ಬಿಡಿ ಎಂದು ವೈದ್ಯರು ಹೇಳಿದ್ದರು. ಹದಿನೆಂಟು ವರ್ಷ ಹೋಟೆಲೊಂದರ ಊಟದ ಹಾಲ್‌ನಲ್ಲಿ ಕೂತು ಬೇರೆಯವರ ಹಾಡು ನುಡಿಸಿದವಳು ಅವಳು. ತನ್ನದೆಂದು ಕಟ್ಟಿದ್ದು ಒಂದೇ ಒಂದು, ನಾಲ್ಕು ನಿಮಿಷದ್ದು. ಅದನ್ನು ಎಲ್ಲೂ ಬರೆದಿಟ್ಟಿರಲಿಲ್ಲ. ಬೆರಳಲ್ಲೇ ಇತ್ತು.

ಅದನ್ನು ರೆಕಾರ್ಡ್ ಮಾಡಿಸೋಣವೆಂದರೆ, ಸ್ಟುಡಿಯೋಗೆ ಹೋಗುವ ದಾರಿಯಲ್ಲೇ ಆ ಅರ್ಧ ಗಂಟೆ ಮುಗಿದುಹೋಗುತ್ತಿತ್ತು. ಮನೆಯಲ್ಲಿ ಅವಳು ಅಭ್ಯಾಸಕ್ಕೆ ಇಟ್ಟುಕೊಂಡಿದ್ದ ಪುಟ್ಟ ಆಂಪ್, ಗಿಟಾರಿನ ದನಿ ಹಿಗ್ಗಿಸುವ ಪೆಟ್ಟಿಗೆ, ಇತ್ತು. ಅದರ ಬೆನ್ನಲ್ಲಿ ಯುಎಸ್‌ಬಿ ಕಿಂಡಿಯೊಂದನ್ನು ಕಂಡೆ. ಓದಿ ನೋಡಿದೆ: ಅಲ್ಲಿಂದ ಕಂಪ್ಯೂಟರಿಗೆ ತಂತಿ ಎಳೆದರೆ ಗಿಟಾರಿನ ದನಿ ನೇರವಾಗಿ ಒಳಗೆ ಇಳಿಯುತ್ತದೆ, ಬೇರೆ ಯಾವ ಪೆಟ್ಟಿಗೆಯೂ ಬೇಡ.

"ಅಂತೂ ನಿನ್ನ ಡಿಗ್ರಿ ಒಂದು ಕೆಲಸಕ್ಕೆ ಬಂತಲ್ಲೋ ಪಂಡಿತ," ಅಂದಳು ಅಕ್ಕ.

"ಗೇಲಿ ಆಮೇಲೆ ಮಾಡು. ಮೊದ್ಲು ಶ್ರುತಿ ಮಾಡ್ಕೋ."

ಮೇಜಿನ ಖಾನೆಯಲ್ಲಿ ತಂತಿಗಳ ಗೋಜಲೇ ಇತ್ತು. ಹೊಂದುವ ಒಂದನ್ನು ಹುಡುಕಿ ಚುಚ್ಚಿದೆ. ಅಮ್ಮ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸ್. ಆ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಮಲಗಿರುತ್ತಿದ್ದಳು. ಹಾಗಾಗಿ ಅಕ್ಕ ಹೆಡ್‌ಫೋನ್ ಹಾಕಿಕೊಂಡಳು. ಅದನ್ನು ಚುಚ್ಚಿದರೆ ಆಂಪಿನ ಬಾಯಿ ಕಟ್ಟಿಹೋಗುತ್ತದೆ; ಎಲೆಕ್ಟ್ರಿಕ್ ಗಿಟಾರಿಗೆ ಆಂಪ್ ಬಿಟ್ಟರೆ ಬೇರೆ ದನಿಯಿಲ್ಲ. ಅವಳು ನುಡಿಸಿದ್ದು ಅವಳಿಗೆ ಮಾತ್ರ ಕೇಳುತ್ತಿತ್ತು. ನನ್ನ ಪಾಲಿಗೆ ಪರದೆಯ ಮೇಲೆ ಏಳುತ್ತಾ ಬೀಳುತ್ತಾ ಓಡುವ ಒಂದು ಹಸಿರು ಗೆರೆ.

"ಬರ್ತಿದೆಯೇನೋ?"

"ಬರ್ತಿದೆ ಅಕ್ಕ. ನುಡಿಸು ನೀನು."

ಎರಡು ಸಲ ತಪ್ಪಿತು. ಮೂರನೆಯ ಸಲ ಅವಳು ಕಣ್ಣು ಮುಚ್ಚಿದಳು. ನಾಲ್ಕು ನಿಮಿಷ ನಾನು ಗೆರೆಯನ್ನೇ ನೋಡಿದೆ. ಮುಗಿಸಿ ಹೆಡ್‌ಫೋನ್ ಕಳಚಿದಾಗ ಅವಳ ಮುಖ ತೊಳೆದಂತಿತ್ತು.

"ಇಷ್ಟು ಚೆನ್ನಾಗಿ ಹೋಟ್ಲಲ್ಲೂ ಬಂದಿರ್ಲಿಲ್ಲ ಕಣೋ," ಎಂದು ದಣಿವಾರಿಸಿಕೊಳ್ಳಲು ಹೋದಳು.

ರೆಕಾರ್ಡ್ ಆದದ್ದನ್ನು ನಾನು ಹಾಕಿ ಕೇಳಿದೆ. ಗಿಟಾರಿನ ದನಿಯೇ ಇರಲಿಲ್ಲ. ದನಿ ಇಲ್ಲದ ತಂತಿಗಳನ್ನು ಉಗುರಿನಿಂದ ಕೆರೆದಂಥ ಸದ್ದು, ಫ್ಯಾನಿನ ಗಾಳಿ, ಪಕ್ಕದ ಕೋಣೆಯಿಂದ ಅಮ್ಮನ ಗೊರಕೆ. ಕಂಪ್ಯೂಟರಿಗೆ ಆಂಪ್ ಕಂಡೇ ಇರಲಿಲ್ಲ. ಅದು ತನ್ನದೇ ಮೈಕಿನಿಂದ ಕೋಣೆಗೆ ಕಿವಿಗೊಟ್ಟು ಕೂತಿತ್ತು. ಆ ಗೆರೆ ಅಲ್ಲಾಡಿದ್ದು ಅದಕ್ಕೇ.

ಸಂಜೆ ಕಂಪ್ಯೂಟರ್ ಅಂಗಡಿಯವನು ನಾನು ಕೊಟ್ಟ ತಂತಿಯನ್ನು ತಿರುಗಿಸಿ ನೋಡಿದ. "ಇದು ಬರೀ ಫೋನ್ ಚಾರ್ಜ್ ಮಾಡೋದು ಸಾರ್. ಇದ್ರಲ್ಲಿ ಕರೆಂಟ್ ಹೋಗುತ್ತೆ ಅಷ್ಟೇ, ಬೇರೇನೂ ಹೋಗಲ್ಲ."

ಮರುದಿನ ಹೊಸ ತಂತಿ ಚುಚ್ಚಿದೆ. ಕಂಪ್ಯೂಟರಿನಲ್ಲಿ ಆಂಪಿನ ಹೆಸರು ಬಂತು. ಒಂದು ಸಣ್ಣ ತೊಂದರೆ ಆಗಿದೆ, ಇನ್ನೊಂದು ಸಲ ನುಡಿಸಿಬಿಡು ಅಂದೆ. ಅಕ್ಕ ನನ್ನ ಮುಖವನ್ನು ನೋಡಿದಳು. ಮಾತ್ರೆ ನುಂಗಿ ಕೂತಳು. ಮಾತ್ರೆಯ ಆ ಅರ್ಧ ಗಂಟೆ ಪೂರ್ತಿ ಕಳೆಯಿತು. ಉಂಗುರದ ಬೆರಳು ತಂತಿಯ ಮೇಲೆ ಬಿದ್ದಿತು, ಒತ್ತಲಿಲ್ಲ. ಅದರ ಮರುದಿನವೂ ಹಾಗೆಯೇ. ನಾಲ್ಕನೆಯ ದಿನ ಅವಳು ಗಿಟಾರನ್ನು ಮಂಚಕ್ಕೆ ಒರಗಿಸಿದಳು.

"ಅವತ್ತಿಂದು ಹಾಕು, ಕೇಳ್ತೀನಿ."

"ಅಕ್ಕ, ಅದು..."

"ಹಾಕೋ."

ನಾಲ್ಕು ನಿಮಿಷವೂ ಕೇಳಿದಳು.

"ಅಳಿಸು."

"ಇರ್ಲಿ ಬಿಡೇ. ಕಿವಿಗೊಟ್ರೆ ರಾಗ ಹೇಗೋ ಗೊತ್ತಾಗುತ್ತೆ."

"ನಿಂಗೆ ಗೊತ್ತಾಯ್ತಾ?"

ಗೊತ್ತಾಗಿರಲಿಲ್ಲ.

"ನಾಳೆ ಯಾರಾದ್ರೂ ಇದನ್ನ ಕೇಳಿ, ಇವಳು ನುಡಿಸ್ತಿದ್ದಿದ್ದೇ ಹೀಗೆ ಅಂದ್ಕೋತಾರೆ. ಅಳಿಸು."

ಖಂಡಿತ ಅಳಿಸಬೇಕೇ ಎಂದು ಯಂತ್ರ ಕೇಳಿತು. ಹೌದು ಎಂದು ಒತ್ತಿದೆ.

ಅಷ್ಟರಲ್ಲಿ ಅಮ್ಮ ಎದ್ದು ಬಂದಳು. ನಮ್ಮಿಬ್ಬರನ್ನೂ ನೋಡಿದಳು. ಅಕ್ಕನ ಪಕ್ಕ ಕೂತು, ಆಸ್ಪತ್ರೆಯಲ್ಲಿ ರೋಗಿಗಳ ಹಿಡಿತ ನೋಡಲು ದಿನಾ ಮಾಡುವ ಹಾಗೆ, ತನ್ನ ಎರಡು ಬೆರಳನ್ನು ಅವಳ ಎಡ ಅಂಗೈಯೊಳಗೆ ಇಟ್ಟಳು.

"ಗಟ್ಟಿಯಾಗಿ ಹಿಡ್ಕೋ ಮಗಳೇ."

"ಹಿಡ್ಕೊಂಡಿದೀನಲ್ಲಮ್ಮ," ಅಂದಳು ಅಕ್ಕ.

ಅವಳ ಉಂಗುರದ ಬೆರಳು, ಕಿರುಬೆರಳು ಮಡಚಿರಲೇ ಇಲ್ಲ. ಅಮ್ಮ ತನ್ನ ಬೆರಳು ತೆಗೆಯಲಿಲ್ಲ.