ನಿಂಬೆರಸಕ್ಕೆ ಹೋದ ಕಲೆ

ಸಖರಾಯಪಟ್ಟಣದ ತೀರ್ಥಮ್ಮನಿಗೆ ಒಬ್ಬನೇ ಮಗ, ಕಲ್ಲೇಶ. ಅವನಿಗೆ ಒಂಬತ್ತು ತುಂಬಿದಾಗ ಮನೆತನದ ಹಿರಿಯರೆಲ್ಲ ಕೂತು, ತರೀಕೆರೆ ಕಡೆಯ ಒಂದು ಸಣ್ಣ ಮಠಕ್ಕೆ ಅವನನ್ನು ಮರಿಸ್ವಾಮಿಯಾಗಿ ಒಪ್ಪಿಸಿಬಿಟ್ಟರು. ತೀರ್ಥಮ್ಮನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಅವಳು ಹೂಂ ಅನ್ನುತ್ತಿದ್ದಳು. ಆ ಮನೆಯ ಸೊಸೆಯಂದಿರಿಗೆ ಹಿರಿಯರ ಮುಂದೆ ಬರುತ್ತಿದ್ದದ್ದು ಅದೊಂದೇ ಮಾತು.

ಪಟ್ಟವಾದ ಮೇಲೆ ಅವನಿಗೆ ಮನೆಯಿಲ್ಲ, ಹೆತ್ತವರಿಲ್ಲ, ಹಳೆಯ ಹೆಸರೂ ಇಲ್ಲ. ಊರಿಗೆಲ್ಲ ಹೇಗೋ ಹಾಗೆ ಹೆತ್ತವಳಿಗೂ ಅವನು ‘ಬುದ್ಧಿಯವರು’. ವರ್ಷಕ್ಕೊಮ್ಮೆ ಅವಳು ಸಾಲಿನಲ್ಲಿ ನಿಂತು ಪಾದಕ್ಕೆ ಬೀಳುತ್ತಿದ್ದಳು. “ಕ್ಷೇಮವೇನಮ್ಮ?” ಎಂದು ಅವರು ಕೇಳುತ್ತಿದ್ದರು. ಹಿಂದೆ ನಿಂತವಳನ್ನೂ ಅದೇ ಧಾಟಿಯಲ್ಲಿ ಕೇಳುತ್ತಿದ್ದರು. ಅವನ ಬಾಯಿಂದ ‘ಅವ್ವ’ ಎಂಬ ಮಾತು ಕೇಳಿ ಮೂವತ್ತು ವರ್ಷವಾಗಿತ್ತು.

ಅವಳಿಗೆ ಉಳಿದದ್ದು ಬಟ್ಟೆ. ತವರಿನಲ್ಲಿ ಗಿಡಮೂಲಿಕೆಯಿಂದ ಬಣ್ಣ ಕಟ್ಟುವುದನ್ನು ಕಲಿತಿದ್ದಳು. ಬುದ್ಧಿಯವರ ಕಾವಿ ತನ್ನ ಮನೆಯಿಂದಲೇ ಹೋಗಬೇಕು ಎಂದು ಮಠಕ್ಕೆ ಸೇವೆ ಬೇಡಿಕೊಂಡಿದ್ದಳು. ಅದು ಅಂಗಡಿಯ ಪುಡಿ ಕಲಸಿದ ಕಾವಿಯಲ್ಲ. ನೂಲಿನ ಬಟ್ಟೆಯನ್ನು ಅಂಟುವಾಳದ ನೊರೆಯಲ್ಲಿ ಒಗೆದು, ಅಳಲೆಕಾಯಿ ನೀರಿನಲ್ಲಿ ನೆನೆಸಿ, ಬಣ್ಣ ಕಚ್ಚಿಕೊಳ್ಳಲೆಂದು ಪಟಿಕದ ನೀರು ಕುಡಿಸಿ, ಆಮೇಲೆ ಒಣ ಮುತ್ತುಗದ ಹೂವನ್ನೂ ಅಡಿಕೆ ಬೇಯಿಸಿದ ಚೊಗರನ್ನೂ ಕುದಿಸಿ ಅದ್ದಿದ್ದು. ಹಂಡೆ ತಾಮ್ರದ್ದೇ ಆಗಬೇಕು. ಕಬ್ಬಿಣ ಸೋಕಿದರೆ ಚೊಗರು ಅಲ್ಲೇ ಕಪ್ಪಾಗಿಬಿಡುತ್ತದೆ.

ಎರಡು ತಿಂಗಳಿಗೊಮ್ಮೆ ಮಠದ ಪರಿಚಾರಕ ರುದ್ರಮೂರ್ತಿ ಉಟ್ಟ ಬಟ್ಟೆಯ ಗಂಟನ್ನು ಬೈಕಿನಲ್ಲಿ ತರುತ್ತಿದ್ದ. ಒಗೆದು, ಬಣ್ಣ ಮಾಸಿದ್ದರೆ ಮತ್ತೆ ಅದ್ದಿ ಕಳಿಸುವುದು ಅವಳ ಕೆಲಸ. ಮಠದಲ್ಲಿ ವಾಷಿಂಗ್ ಮೆಷಿನ್ ಬಂದಾಗಲೂ ಅವಳು ಒಪ್ಪಲಿಲ್ಲ. ಸೋಪಿನ ಪುಡಿ ಬಿದ್ದರೆ ಕಾವಿ ಕೆಡುತ್ತದೆ ಎಂದು ಹಟ ಹಿಡಿದಳು. ಅದು ನಿಜವೇ, ಆದರೆ ಅದಷ್ಟೇ ಕಾರಣವಲ್ಲ. ಗಂಟು ಬಿಚ್ಚಿದರೆ ಮಗನ ಸಮಾಚಾರ ಸಿಗುತ್ತಿತ್ತು. ಭುಜದ ಮೇಲೆ ಬಣ್ಣ ಬಿಳಿಚಿದ್ದರೆ ಬಿಸಿಲಲ್ಲಿ ಊರೂರು ತಿರುಗಿದ್ದಾನೆ. ಮಡಿಲಲ್ಲಿ ಸೊನೆಯ ಕಲೆಯಿದ್ದರೆ, ಸ್ವಾಮಿಯಾದರೂ ಮಾವಿನಕಾಯಿ ಚಪಲ ಹೋಗಿಲ್ಲ. ಹಾಗೆಂದು ಒಬ್ಬಳೇ ನಗುತ್ತಿದ್ದಳು.

ಈ ಯುಗಾದಿ ಕಳೆದ ಮೇಲೆ ಬಂದ ಗಂಟಿನಲ್ಲಿ, ಹೊದೆಯುವ ಬಟ್ಟೆಯ ಎದೆಯ ಭಾಗದಲ್ಲಿ ನಾಲ್ಕೈದು ಕಪ್ಪು ಚುಕ್ಕೆ ಕಂಡವು. ನೋಡುತ್ತಲೇ ಅವಳಿಗೆ ಗೊತ್ತಾಯಿತು, ಇದು ಕಬ್ಬಿಣ.

“ತುಕ್ಕು ಹಿಡಿದ ತಂತಿ ಮೇಲೆ ಒಣಗಾಕಿದೀಯ ಕಣೋ. ಕಣ್ಣು ಕಾಣ್ಸಲ್ವಾ ನಿಂಗೆ?”

ರುದ್ರಮೂರ್ತಿ ತಲೆ ತಗ್ಗಿಸಿ, “ಬಿಚ್ಚಿ ಹಗ್ಗ ಕಟ್ತೀನಿ ತೀರ್ಥಕ್ಕ” ಎಂದ. ಅವಳು ನಿಂಬೆಹಣ್ಣು ಕುಯ್ದು ಒಂದೊಂದೇ ಚುಕ್ಕೆಗೆ ರಸ ಉಜ್ಜಿದಳು. ಕಲೆ ಹೋಯಿತು. ಆ ಜಾಗಕ್ಕೆ ಮತ್ತೆ ಬಣ್ಣ ಕಟ್ಟಿ, ಗುರುತೇ ಸಿಗದ ಹಾಗೆ ಮಾಡಿ ಕಳಿಸಿದಳು. ಮುಂದಿನ ಗಂಟಿನಲ್ಲೂ ಚುಕ್ಕೆ. ಅದರ ಮುಂದಿನದರಲ್ಲಿ ಇನ್ನೂ ಜಾಸ್ತಿ. ಮೂರು ಸಲವೂ ಅವನಿಗೆ ಮಂಗಳಾರತಿ ಎತ್ತಿದಳು, ಮೂರು ಸಲವೂ ನಿಂಬೆರಸ ಉಜ್ಜಿದಳು. ತನ್ನ ಕೈಚಳಕಕ್ಕೆ ತಾನೇ ಬೀಗಿದ್ದೂ ಉಂಟು.

ಕಾರ್ತಿಕದ ಒಂದು ಬೆಳಗ್ಗೆ ರುದ್ರಮೂರ್ತಿ ಗಂಟಿಲ್ಲದೆ ಬಂದು ಬಾಗಿಲಲ್ಲಿ ನಿಂತ.

“ಹೊಸದೊಂದು ಬೇಕು ತೀರ್ಥಕ್ಕ. ಹದಿನಾರು ಮೊಳ.”

“ಎರಡು ಪಂಚೆನಾ?”

“ಅಲ್ಲ. ಹರೀದೆ ಒಂದೇ.” ಅವನು ಬಾಗಿಲಲ್ಲೇ ಕೂತ. “ಬೆಳಗಿನ ಜಾವ ಬುದ್ಧಿಯೋರು ಲಿಂಗೈಕ್ಯರಾದ್ರು. ಸಂಜೆ ಐದಕ್ಕೆ ಸಮಾಧಿ.”

ತೀರ್ಥಮ್ಮ ಅಳಲಿಲ್ಲ. ಮಗನಿಗಾಗಿ ಅಳುವ ಹಕ್ಕನ್ನು ಹಿರಿಯರು ಎಂದೋ ಮಠಕ್ಕೆ ಧಾರೆಯೆರೆದಾಗಿತ್ತು. ಒಳಗೆ ಹೋಗಿ, ಪಟಿಕ ಕುಡಿಸಿ ಒಣಗಿಸಿಟ್ಟಿದ್ದ ಬಟ್ಟೆ ತಂದಳು. ಅವನ ಮುಂದಿನ ವರ್ಷದ ಉಡುಪಿಗೆಂದು ಇಟ್ಟಿದ್ದು. ಒಲೆ ಹಚ್ಚಿ ಹಂಡೆ ಇಟ್ಟಳು. ಹೂವು ಕುದಿಯುವಾಗ ಬೆನ್ನು ತಿರುಗಿಸಿಯೇ ಕೇಳಿದಳು.

“ಏನಾಗಿತ್ತು?”

“ರಕ್ತದ ಕಾಯಿಲೆ. ಎಂಟು ತಿಂಗಳಾಗಿತ್ತು. ಕೈ ನಡುಗೋದು. ಟಾನಿಕ್ ಕುಡಿಯುವಾಗ ಎದೆ ಮೇಲೆ ಚೆಲ್ಲಿಕೊಳ್ಳೋರು.”

“ಎಂಥಾ ಟಾನಿಕ್ಕು?”

“ರಕ್ತ ಆಗ್ಲಿ ಅಂತ ಕೊಡ್ತಾರಲ್ಲ, ಕಬ್ಬಿಣದ್ದು.”

ಬಟ್ಟೆ ತಿರುವುತ್ತಿದ್ದ ಕೋಲು ಹಂಡೆಯಲ್ಲೇ ನಿಂತಿತು. ಕಬ್ಬಿಣ ಎಂದು ಅವಳು ಸರಿಯಾಗಿಯೇ ಓದಿದ್ದಳು. ಓದಿ, ತಂತಿಯನ್ನು ಬೈದು, ತನ್ನ ಕೈಯಾರೆ ಅಳಿಸಿಹಾಕಿದ್ದಳು. ಮಗ ಸಾಯುತ್ತಿದ್ದಾನೆ ಎಂದು ಬಟ್ಟೆ ಮೂರು ಸಲ ಬಂದು ಹೇಳಿತ್ತು, ಮೂರು ಸಲ ಅವಳು ನಿಂಬೆಹಣ್ಣು ಹುಡುಕಿದ್ದಳು.

“ಮತ್ತೆ ಸುಮ್ನೆ ಬೈಸ್ಕೊಂಡ್ಯಲ್ಲೋ. ಹೇಳ್ಬಾರ್ದಾಗಿತ್ತಾ?”

“ನೀವು ಬೈದಿದ್ದನ್ನ ಬುದ್ಧಿಯೋರಿಗೆ ಹೇಳ್ದೆ. ನಕ್ಕುಬಿಟ್ರು. ತಂತಿ ಅಂದ್ಕೊಂಡಿದ್ರೆ ತಂತಿ ಅಂತ್ಲೇ ಇರ್ಲಿ, ಅವ್ವಂಗೆ ಹೇಳ್ಬೇಡ ಅಂದ್ರು.”

“ಯಾರಿಗೆ?”

“ಕಾಯಿಲೆ ವಿಷ್ಯ ಹೇಳ್ಬೇಡ ಅಂತ...”

“ಅದಲ್ಲಪ್ಪಾ. ಯಾರಿಗೆ ಹೇಳ್ಬೇಡ ಅಂದ್ರು?”

ರುದ್ರಮೂರ್ತಿಗೆ ಆಗ ಅರ್ಥವಾಯಿತು. “ಅವ್ವಂಗೆ ಅಂದ್ರು.”

ತೀರ್ಥಮ್ಮ ಸ್ವಲ್ಪ ಹೊತ್ತು ಹಂಡೆಯ ಅಂಚು ಹಿಡಿದು ನಿಂತಳು. ಅದು ಸುಡುತ್ತಿದ್ದದ್ದು ಅವಳಿಗೆ ತಿಳಿಯಲಿಲ್ಲ. ಆಮೇಲೆ ಬಟ್ಟೆಯನ್ನು ಎತ್ತಿ ಹಿಂಡಿ, ನೆರಳಲ್ಲಿ ಆರಿಸಿ, ಎರಡನೇ ಸಲ ಅದ್ದಿದಳು. ನಂತರ ಬಾವಿಕಟ್ಟೆಗೆ ಒಯ್ದು ಜಾಲಿಸತೊಡಗಿದಳು. ಒಂದು ಬಕೆಟ್, ಎರಡು, ಐದು.

“ಹೊತ್ತಾಯ್ತು, ಸಾಕು ಬಿಡಿ” ಎಂದ ರುದ್ರಮೂರ್ತಿ. “ಇನ್ನು ಅದನ್ನ ಒಗೆಯೋದೇನಿದೆ?”

“ವಿಭೂತಿ ಮೇಲೆ ಕೂರಿಸ್ತೀರಲ್ಲ. ಬಣ್ಣ ಬಿಟ್ರೆ ಬಿಳೀದೆಲ್ಲ ಕೆಂಪಗಾಗ್ತದೆ. ಗಲೀಜಾಗಿ ಹೋಗ್ಬಾರ್ದು ಅವ್ನು.”

ಬುದ್ಧಿಯವರನ್ನು ತಾನು ‘ಅವ್ನು’ ಅಂದದ್ದು ಅವಳಿಗೇ ಕೇಳಿಸಿತೋ ಇಲ್ಲವೋ. ಒಂಬತ್ತನೇ ಬಕೆಟ್ಟಿನ ನೀರು ತಿಳಿಯಾಗಿ ಹೋದ ಮೇಲೆಯೇ ಅವಳು ಎದ್ದದ್ದು. ಇನ್ನೂ ಹಸಿಯಾಗಿದ್ದ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಬೈಕಿನ ಹಿಂದೆ ಕೂತು, ಕಡೂರು ದಾಟಿ ಮಠ ಮುಟ್ಟಿದಾಗ ನಾಲ್ಕೂವರೆ.

ಜನ ತುಂಬಿತ್ತು. ಹಗ್ಗ ಹಿಡಿದು ನಿಂತಿದ್ದ ಗಂಡಸು ತಡೆದ. “ಯಾರಮ್ಮ ನೀವು?”

ರುದ್ರಮೂರ್ತಿ ಬಾಯಿ ತೆರೆಯುವ ಮೊದಲೇ ಅವಳು, “ಬಟ್ಟೆ ಅದ್ದೋಳು ಕಣಪ್ಪಾ” ಎಂದು ಬಟ್ಟೆಯನ್ನು ಅವನ ಕೈಗೆ ಕೊಟ್ಟು ಹೆಂಗಸರ ಗುಂಪಿನಲ್ಲಿ ನಿಂತಳು.

ಹೊಸ ಕಾವಿ ಹೊದಿಸಿ ಅವರನ್ನು ಗದ್ದುಗೆಯ ಗುಂಡಿಗೆ ಇಳಿಸಿದರು. ಸುತ್ತ ವಿಭೂತಿ ಗಟ್ಟಿಗಳು. ತೀರ್ಥಮ್ಮ ತುದಿಗಾಲಲ್ಲಿ ನಿಂತು ಮುಖವನ್ನೊಮ್ಮೆ ನೋಡಿದಳು, ಆಮೇಲೆ ಬಟ್ಟೆಯ ಹಸಿ ಅಂಚು ತಾಗಿದ ಕಡೆ ನೋಡಿದಳು. ಬಿಳಿ ಬಿಳಿಯಾಗಿಯೇ ಇತ್ತು, ಒಂದು ಹನಿ ಬಣ್ಣವೂ ಇಳಿದಿರಲಿಲ್ಲ. ಅಷ್ಟು ಹೊತ್ತು ತಡೆದದ್ದು ಆಗ ಒಡೆಯಿತು. ಸೆರಗನ್ನು ಬಾಯಿಗೆ ತುರುಕಿಕೊಂಡು ಬಿಕ್ಕಿದಳು.

ಪಕ್ಕದಲ್ಲಿದ್ದ ಹೆಂಗಸು ಅವಳ ಭುಜ ಸವರಿದಳು. “ಸಮಾಧಾನ ಮಾಡ್ಕಳ್ಳಿ. ಬುದ್ಧಿಯೋರು ನಮ್ಗೆಲ್ಲಾ ಒಂದೇ ಅಲ್ವಾ?”

ತೀರ್ಥಮ್ಮ ಹೂಂ ಅಂದಳು.